ಸರಾಸರಿಯಲ್ಲಿ ಎಲ್ಲ ಚೆನ್ನಾಗೇ ಇತ್ತು

ಬ್ರೆಂಡನ್ ಗ್ರೆಗ್ ಬರೆದ ‘ಸಿಸ್ಟಮ್ಸ್ ಪರ್ಫಾರ್ಮೆನ್ಸ್’ ಪುಸ್ತಕವನ್ನು ನಾನು ಕೊಂಡಿದ್ದು ಜ್ಞಾನದಾಹದಿಂದಲ್ಲ, ನಾಚಿಕೆಯಿಂದ. ಒಂದು ರಾತ್ರಿ ಎರಡು ಗಂಟೆಗೆ ಫೋನ್ ಬಂತು. ಪೇಮೆಂಟ್ ಪುಟ ಕೆಲವರಿಗೆ ಓಪನ್ನೇ ಆಗ್ತಿಲ್ಲ ಅಂತ. ಡ್ಯಾಶ್‌ಬೋರ್ಡ್ ತೆಗೆದೆ. ಸರಾಸರಿ 150 ಮಿಲಿಸೆಕೆಂಡ್, ಎಲ್ಲ ಹಸಿರು. “ನಮ್ಮ ಕಡೆ ಏನೂ ಇಲ್ಲ, ನೆಟ್‌ವರ್ಕ್‌ನೋರು ನೋಡಲಿ” ಅಂತ ಬರೆದು ಮಲಗಿಬಿಟ್ಟೆ. ನೆಟ್‌ವರ್ಕ್ ಟೀಮಿನ ಹುಡುಗ ಬೆಳಗಿನ ತನಕ ಇಲ್ಲದ ತಪ್ಪನ್ನು ಹುಡುಕುತ್ತಾ ಕೂತ. ತಪ್ಪಿದ್ದದ್ದು ನಮ್ಮ ಡೇಟಾಬೇಸಿನ ಒಂದು ಲಾಕ್‌ನಲ್ಲಿ.

ಲೆಕ್ಕ ಸುಲಭ. ನೂರು ಜನರಲ್ಲಿ 99 ಮಂದಿಗೆ 50 ಮಿಲಿಸೆಕೆಂಡಿನಲ್ಲಿ ಉತ್ತರ ಸಿಕ್ಕಿ, ಒಬ್ಬರು 10 ಸೆಕೆಂಡ್ ಕಾದರೆ ಸರಾಸರಿ ಸುಮಾರು 150. ಆದರೆ 150 ಮಿಲಿಸೆಕೆಂಡ್ ಕಾದವರು ಆ ನೂರರಲ್ಲಿ ಒಬ್ಬರೂ ಇಲ್ಲ!

ಪುಸ್ತಕದ ಜೀವ ಇರೋದು ಎರಡನೇ ಅಧ್ಯಾಯದಲ್ಲಿ. ಹೇಗೆ ಅಳೆಯಬೇಕು ಅನ್ನೋದರ ಜೊತೆಗೆ ಹೇಗೆ ಅಳೆಯಬಾರದು ಅಂತಲೂ ಗ್ರೆಗ್ ಪಟ್ಟಿ ಕೊಡ್ತಾನೆ. ಬೀಗದಕೈ ಬಿದ್ದಲ್ಲಿ ಹುಡುಕದೆ, ಬೆಳಕಿದೆ ಅಂತ ದೀಪದ ಕಂಬದ ಕೆಳಗೆ ಹುಡುಕೋದು ಒಂದು. ಕೈಗೆ ಸಿಕ್ಕ ಸೆಟ್ಟಿಂಗ್ ತಿರುಗಿಸಿ ನೋಡೋದು ಇನ್ನೊಂದು. ಮೂರನೆಯದು ಬೇರೆಯವರ ತಲೆಗೆ ಕಟ್ಟೋದು. ಓದುವಾಗ ಕಿವಿ ಬಿಸಿಯಾಯ್ತು.

ಅವನದೇ ‘ಯೂಸ್’ ವಿಧಾನ ಹೋಟೆಲಿಗೆ ಹೋಗುವ ಯಾರಿಗೂ ಅರ್ಥವಾಗುತ್ತೆ. ದರ್ಶಿನಿಯ ದೋಸೆ ಕಾವಲಿ ಎಷ್ಟು ಹೊತ್ತು ಬಿಡುವಿಲ್ಲದೆ ದುಡೀತಿದೆ, ಟೋಕನ್ ಹಿಡಿದು ನಿಂತವರೆಷ್ಟು, ಸೀದು ಹೋದ ದೋಸೆ ಎಷ್ಟು. ಸಿಪಿಯು, ಮೆಮೊರಿ, ಡಿಸ್ಕ್, ನೆಟ್‌ವರ್ಕ್, ಪ್ರತಿಯೊಂದಕ್ಕೂ ಇದೇ ಮೂರು ಪ್ರಶ್ನೆ. ನಾವು ಮೊದಲನೆಯದನ್ನು ಮಾತ್ರ ಕೇಳಿ ಎದ್ದು ಹೋಗ್ತೀವಿ.

2011ರಲ್ಲಿ ಗ್ರೆಗ್ ರೂಪಿಸಿದ ಫ್ಲೇಮ್ ಗ್ರಾಫ್ ಬಗ್ಗೆಯೂ ಇಲ್ಲಿದೆ. ಸಿಪಿಯು ಯಾವ ಫಂಕ್ಷನ್‌ನಲ್ಲಿ ಹೆಚ್ಚು ಹೊತ್ತು ಕಳೆಯಿತೋ ಅದರ ಪಟ್ಟಿ ಅಷ್ಟು ಅಗಲ. ಚಿತ್ರ ಚಂದ. ಆದರೆ ಲಾಕ್‌ಗೆ ಕಾದು ಮಲಗಿರುವ ಥ್ರೆಡ್ ಸಿಪಿಯು ಮೇಲೆ ಇರೋದೇ ಇಲ್ಲವಲ್ಲ, ಹಾಗಾಗಿ ನಮ್ಮ ಆ ರಾತ್ರಿಯ ಕಾಯುವಿಕೆ ಅದರಲ್ಲಿ ಕಾಣ್ತಿರಲಿಲ್ಲ. ಅದಕ್ಕೆ ಸಿಪಿಯು ಹೊರಗಿನ ಸಮಯವನ್ನೇ ಬೇರೆಯಾಗಿ ಅಳೀಬೇಕು. ಅದನ್ನೂ ಹೇಳಿಕೊಡ್ತಾನೆ ಪುಣ್ಯಾತ್ಮ.

ದೂರುಗಳೂ ಇವೆ. ಪುಸ್ತಕ ದಿಂಬಿನಷ್ಟು ದಪ್ಪ. 2013ರ ಮೊದಲ ಆವೃತ್ತಿಯಲ್ಲಿ ಸೋಲಾರಿಸ್ ಕುಟುಂಬಕ್ಕೂ ಜಾಗ ಇತ್ತು, 2020ರದ್ದು ಬಹುತೇಕ ಲಿನಕ್ಸ್. ಕಮಾಂಡ್‌ಗಳ ಪುಟಗಳು ಬೇಗ ಹಳತಾಗುತ್ತವೆ. ಅದು ದೊಡ್ಡ ವಿಷಯವಲ್ಲ. ನನ್ನ ನಿಜವಾದ ತಕರಾರು ಬೇರೆ: ತಲೆಗೆ ಕಟ್ಟುವ ವಿಧಾನಕ್ಕೆ ಇಲ್ಲಿ ಸಿಕ್ಕಿರೋದು ಕೆಲವೇ ಸಾಲು. ಆರೋಪ ಮಾಡಿದವರ ಹತ್ತಿರ ಯಾವ ಟೂಲ್ ಓಡಿಸಿದ್ರಿ, ಸ್ಕ್ರೀನ್‌ಶಾಟ್ ಕೊಡಿ ಅಂತ ಕೇಳಿ ಅನ್ನುತ್ತೆ ಪುಸ್ತಕ. ನಾನು ಕೊಡ್ತಿದ್ದೆ ಸ್ವಾಮಿ! ಹಸಿರು ಡ್ಯಾಶ್‌ಬೋರ್ಡಿನದ್ದು. ಅಳೆಯುವವನಿಗೆ ನಿಜ ಬೇಕು ಅಂತ ಗ್ರೆಗ್ ನಂಬಿದ್ದಾನೆ. ಅಪ್ರೈಸಲ್ ಹತ್ತಿರ ಬಂದಾಗ ನನಗೆ ಬೇಕಿದ್ದದ್ದು ಹಸಿರು. ಆ ಡ್ಯಾಶ್‌ಬೋರ್ಡಿಗೆ ಸರಾಸರಿ ಸಾಕು ಅಂತ ಆರಿಸಿದ್ದೂ ನಮ್ಮ ಟೀಮೇ.

ಪುಸ್ತಕವನ್ನು ಆ ನೆಟ್‌ವರ್ಕ್ ಹುಡುಗನಿಗೆ ಓದಲು ಕೊಟ್ಟಿದ್ದೆ. ಮೊನ್ನೆ ವಾಪಸ್ ಮಾಡಿದ. ಎರಡನೇ ಅಧ್ಯಾಯದ ಆ ಕೆಲವು ಸಾಲುಗಳ ಪಕ್ಕದಲ್ಲಿ ಪೆನ್ಸಿಲಿನಲ್ಲಿ ನನ್ನ ಹೆಸರಿದೆ.