ಮಂಚ ಎತ್ತಿದ ಗಂಗಾ

ದೆವ್ವದ ಸಿನಿಮಾ ಎಂದರೆ ನನಗೆ ಚಿಕ್ಕಂದಿನಿಂದಲೂ ಪ್ರಾಣ. ಬಾವಿಯಿಂದ ಎದ್ದು ಬರುವ ಜಪಾನಿನ ಸಡಾಕೊ, ರಾಮ್ಸೆ ಸಹೋದರರ ‘ಪುರಾನಾ ಮಂದಿರ್’ನ ಸಾಮ್ರಿ, ಎಲ್ಲರನ್ನೂ ಒಂದೇ ಶ್ರದ್ಧೆಯಿಂದ ನೋಡಿದವನು ನಾನು. ಹೆದರಿಸಿದವರೂ ಇದ್ದಾರೆ, ಮರೆತುಹೋದವರೂ ಇದ್ದಾರೆ. ಆದರೆ ನನ್ನ ಬೆನ್ನಹುರಿಯಲ್ಲಿ ಇವತ್ತಿಗೂ ಚಳಿ ಹುಟ್ಟಿಸುವ ದೃಶ್ಯದಲ್ಲಿ ದೆವ್ವವೇ ಇಲ್ಲ.

2004ರಲ್ಲಿ ನಮ್ಮೂರಿನ ಟಾಕೀಸಿನಲ್ಲಿ ಸೋದರತ್ತೆಯ ಪಕ್ಕ ಕೂತು ‘ಆಪ್ತಮಿತ್ರ’ ನೋಡುತ್ತಿದ್ದೆ. ಹೊರಗೆ ಹೊರಟು ನಿಂತ ಹೆಂಡತಿಗೆ ಗಂಡ ಈಗ ಹೋಗುವುದು ಬೇಡ ಎನ್ನುತ್ತಾನೆ. ಇಷ್ಟೇ ಸಂಗತಿ, ಯಾವ ಮನೆಯಲ್ಲೂ ನಡೆಯುವಂಥದ್ದು. ಗಂಗಾ ಮೊದಲು ಕೇಳಿಕೊಳ್ಳುತ್ತಾಳೆ, ಆಮೇಲೆ ಮುನಿಸಿಕೊಳ್ಳುತ್ತಾಳೆ, ಇದ್ದಕ್ಕಿದ್ದಂತೆ ಆ ಮುನಿಸಿಗೆ ತಳವೇ ಇಲ್ಲದಂತಾಗುತ್ತದೆ. ಸೌಂದರ್ಯ ಅವರ ಕಣ್ಣು ದೊಡ್ಡದಾಗುತ್ತದೆ, ದನಿ ಬೇರೆಯಾಗುತ್ತದೆ, ಪಕ್ಕದ ಮಂಚ ನೆಲ ಬಿಟ್ಟು ಮೇಲೇಳುತ್ತದೆ. ರಮೇಶ್ ಅರವಿಂದ್ ಗಾಬರಿಯಿಂದ ಅವಳ ಹೆಸರು ಹಿಡಿದು ಕೂಗಿದಾಗ ಮಂಚ ಧಡ್ ಎಂದು ಬೀಳುತ್ತದೆ. ಅತ್ತೆ ನನ್ನ ಮುಂಗೈ ಹಿಡಿದದ್ದು ಮಂಚ ಮೇಲೆದ್ದಾಗ ಅಲ್ಲ, ಬಿದ್ದ ಮೇಲೆ.

‘ಆಪ್ತಮಿತ್ರ’ದ ಬೇರು ಮಲಯಾಳದ ‘ಮಣಿಚಿತ್ರತಾಳ್’ನಲ್ಲಿದೆ ಎಂಬುದು ಎಲ್ಲರಿಗೂ ಗೊತ್ತು. ಮಧು ಮುಟ್ಟಂ ಬರೆದು ಫಾಸಿಲ್ ನಿರ್ದೇಶಿಸಿದ ಆ ಚಿತ್ರ ತೆರೆಗೆ ಬಂದದ್ದು 1993ರ ಡಿಸೆಂಬರ್‌ನಲ್ಲಿ. ಪಿ. ವಾಸು ಅದನ್ನು ಕನ್ನಡಕ್ಕೆ ತಂದರು, ಮರುವರ್ಷ ತಮಿಳಿನಲ್ಲಿ ‘ಚಂದ್ರಮುಖಿ’ ಮಾಡಿದರು. 2007ರಲ್ಲಿ ಪ್ರಿಯದರ್ಶನ್ ಹಿಂದಿಯಲ್ಲಿ ‘ಭೂಲ್ ಭುಲಯ್ಯಾ’ ಮಾಡಿದರು. ಮೂಲ ಚಿತ್ರದ ಎರಡನೆಯ ತಂಡವನ್ನು ನಿರ್ದೇಶಿಸಿದವರಲ್ಲಿ ಅವರೂ ಒಬ್ಬರು. ಭಾರತದಲ್ಲಿ ಇಷ್ಟು ದೂರ ಓಡಾಡಿದ ಭಯದ ಕಥೆ ಇನ್ನೊಂದು ನನಗೆ ತಿಳಿದಿಲ್ಲ. ಇದರ ಮಕ್ಕಳು ಮೊಮ್ಮಕ್ಕಳೆಲ್ಲ ಸೇರಿ ಈಗ ಒಂದು ವಂಶವೇ ಆಗಿದೆ. ಆ ವಂಶದ ಬಗ್ಗೆ ಅಭಿಮಾನಿಯಾಗಿ ನನಗೊಂದು ತಕರಾರಿದೆ: ಅಜ್ಜಿ ಕಷ್ಟಪಟ್ಟು ಮನೆಯಿಂದ ಹೊರಗೆ ಹಾಕಿದ ದೆವ್ವವನ್ನು ಮೊಮ್ಮಕ್ಕಳು ಒಳಗೆ ಕರೆದು ಕೂರಿಸಿದರು.

ಮೂಲದ ಹೆಣಿಗೆ ಎಷ್ಟು ಬಿಗಿ ನೋಡಿ. ಹಳೆಯ ತರವಾಡು ಮನೆ. ಅದರ ಯಜಮಾನ ಶಂಕರನ್ ತಂಬಿ ಹಿಂದೆ ತಂಜಾವೂರಿನಿಂದ ನಾಗವಲ್ಲಿ ಎಂಬ ನರ್ತಕಿಯನ್ನು ಕರೆತಂದಿದ್ದ, ಅವಳು ಎದುರು ಮನೆಯವನನ್ನು ಪ್ರೀತಿಸಿದಳೆಂದು ಕೊಂದಿದ್ದ. ಅವಳ ಕೋಣೆಗೆ ಹಾಕಿದ ಚಿತ್ತಾರದ ಬೀಗವೇ ಚಿತ್ರದ ಹೆಸರು. ಆ ಬೀಗ ತೆಗೆಯುವವಳು ಹೊಸದಾಗಿ ಬಂದ ಸೊಸೆ ಗಂಗಾ. ನಮ್ಮ ಅನುಮಾನ ಮಾತ್ರ ಮನೆಯ ಇನ್ನೊಬ್ಬ ಹೆಣ್ಣುಮಗಳು ಶ್ರೀದೇವಿಯ ಮೇಲೆ ಹೋಗುತ್ತದೆ. ಆ ಪಾತ್ರ ಮಾಡಿದವರು ನಮ್ಮ ವಿನಯಾ ಪ್ರಸಾದ್. ಅವರ ಮುಖದ ಮೌನ, ತಗ್ಗಿದ ಕಣ್ಣು ನಮ್ಮನ್ನು ಪೂರಾ ದಾರಿ ತಪ್ಪಿಸುತ್ತವೆ. ಮನೋವೈದ್ಯ ಸನ್ನಿಯಾಗಿ ಮೋಹನ್‌ಲಾಲ್ ಬರುವ ಹೊತ್ತಿಗೆ ಚಿತ್ರ ಸಾಕಷ್ಟು ದೂರ ಸಾಗಿರುತ್ತದೆ. ಅಷ್ಟರವರೆಗೂ ಮನೆಯೊಳಗಿನ ಹರಟೆ, ತಮಾಷೆ, ಕತ್ತಲಾದ ಮೇಲಿನ ಗೆಜ್ಜೆ ಸದ್ದು ಇವುಗಳಲ್ಲೇ ನಮ್ಮನ್ನು ಇಟ್ಟಿರುತ್ತಾರೆ.

ಇದನ್ನು ಎರಡನೆಯ ಸಲ ನೋಡಬೇಕು. ಆಗ ಶ್ರೀದೇವಿಯನ್ನು ಬಿಟ್ಟು ಗಂಗಾಳನ್ನೇ ಹಿಂಬಾಲಿಸುತ್ತೀರಿ. ತಂದೆ ತಾಯಿ ದೂರದ ಕಲ್ಕತ್ತೆಯಲ್ಲಿ, ಮಗು ಹಳ್ಳಿಯಲ್ಲಿ ಅಜ್ಜಿಯ ಕಥೆಗಳ ಜೊತೆ. ಮದುವೆಯಾದ ಮೇಲೆ ಕೆಲಸದಲ್ಲಿ ಮುಳುಗಿದ ಗಂಡ. ನಾಗವಲ್ಲಿಯ ಕಥೆ ಕೇಳುವಾಗ ಗಂಗಾಳಾದ ಶೋಭನಾ ಅವರ ಕಣ್ಣಿನಲ್ಲಿ ಭಯವಿಲ್ಲ, ಹಸಿವಿದೆ. ಯಾರೂ ಹುಡುಕಿಕೊಂಡು ಬರದ ಹೆಂಗಸಿಗೆ, ಒಬ್ಬ ಪ್ರೇಮಿ ಹುಡುಕಿಕೊಂಡು ಬಂದ ಹೆಂಗಸಿನ ಕಥೆ ಸಿಕ್ಕಿತು. ಅವಳು ಅದರೊಳಗೆ ಹೋಗಿ ವಾಸ ಮಾಡತೊಡಗಿದಳು. ಆ ಪಾತ್ರಕ್ಕೆ ಶೋಭನಾ ಅವರಿಗೆ ರಾಷ್ಟ್ರಪ್ರಶಸ್ತಿ ಬಂದದ್ದು ಕೊನೆಯ ನೃತ್ಯಕ್ಕೆ ಎಂದು ಜನ ತಿಳಿದಿದ್ದಾರೆ. ನನ್ನ ಲೆಕ್ಕದಲ್ಲಿ ಅದು ಈ ಕಥೆ ಕೇಳುವ ಕಣ್ಣುಗಳಿಗೆ ಸಲ್ಲಬೇಕು.

ರೀಮೇಕ್ ಎಂಬ ಶಬ್ದ ಕನ್ನಡದಲ್ಲಿ ಬೈಗುಳದ ಹಾಗೆ ಬಳಕೆಯಾಗುತ್ತದೆ. ನಾನು ಹಾಗೆ ಬಳಸುವುದಿಲ್ಲ. 1960ರ ದಶಕದಿಂದ ದಶಕಗಳ ಕಾಲ ಇಲ್ಲಿ ಡಬ್ಬಿಂಗ್‌ಗೆ ಬಾಗಿಲು ಮುಚ್ಚಿತ್ತು, ಪಕ್ಕದ ಮನೆಯ ಒಳ್ಳೆಯ ಕಥೆ ಕನ್ನಡದ ದನಿಯಲ್ಲಿ ಸಿಗಬೇಕಾದರೆ ರೀಮೇಕ್ ಒಂದೇ ದಾರಿ. ಅಲ್ಲದೆ ಒಳ್ಳೆಯ ರೀಮೇಕಿಗೆ ಬುದ್ಧಿ ಬೇಕು. ಮೂಲದಲ್ಲಿ ಮಲಯಾಳ ಮಾತನಾಡುವ ಗಂಗಾ ಇದ್ದಕ್ಕಿದ್ದಂತೆ ತಮಿಳು ಮಾತನಾಡುವುದೇ ಭಯದ ಹೃದಯ. ಮುಖ ಅದೇ, ನಾಲಿಗೆ ಬೇರೆ. ಕನ್ನಡಕ್ಕೆ ತರುವಾಗ ಆ ನರ್ತಕಿಯನ್ನು ತೆಲುಗಿನವಳನ್ನಾಗಿ ಮಾಡಿದರು. ಎಷ್ಟು ಸರಿಯಾದ ಆಯ್ಕೆ! ಬೆಂಗಳೂರು, ಮೈಸೂರಿನ ಸಂಗೀತ ಕಛೇರಿಗಳಲ್ಲಿ ತ್ಯಾಗರಾಜರ ಕೃತಿ, ನೃತ್ಯವೇದಿಕೆಯಲ್ಲಿ ಕ್ಷೇತ್ರಯ್ಯನ ಪದ ಕೇಳಿ ಬೆಳೆದ ನಮ್ಮ ಕಿವಿಗೆ ತೆಲುಗು ಎಂದರೆ ರಾಜನರ್ತಕಿಯ ಭಾಷೆ. ಅರ್ಧ ತಿಳಿಯುತ್ತದೆ, ಅರ್ಧ ತಿಳಿಯುವುದಿಲ್ಲ. ‘ರಾ ರಾ’ ಎಂದು ಅವಳು ಕರೆದಾಗ ಕರೆ ಅರ್ಥವಾಗುತ್ತದೆ, ಕರೆಯುವವಳು ಅರ್ಥವಾಗುವುದಿಲ್ಲ. ಗುರುಕಿರಣ್ ಅವರ ಆ ರಾಗ ‘ಚಂದ್ರಮುಖಿ’ಗೂ ಹೋಯಿತು, ಅಲ್ಲಿಯೂ ನರ್ತಕಿ ತೆಲುಗಿನವಳೇ ಆದಳು. ಹಿಂದಿಯಲ್ಲಿ ಅವಳು ಬಂಗಾಳಿಯ ಮಂಜುಲಿಕಾ. ಪ್ರತಿಯೊಂದು ಭಾಷೆಯೂ ತನ್ನ ನೆರೆಭಾಷೆಯಲ್ಲಿ ದೆವ್ವವನ್ನು ಕಂಡುಕೊಂಡಿತು.

ಕನ್ನಡದ ಪ್ರೇಕ್ಷಕರಿಗೆ ಮೈಮೇಲೆ ಬರುವುದು ಸಿನಿಮಾದಿಂದ ಕಲಿತ ಸಂಗತಿ ಅಲ್ಲ. ಗಾಳಿ ಸೋಕಿತು, ಮೆಟ್ಟಿಕೊಂಡಿತು ಎನ್ನುವ ಮಾತು, ತೋಳಿಗೆ ಕಟ್ಟಿದ ತಾಯಿತ, ಗಾಣಗಾಪುರಕ್ಕೆ ಕರೆದುಕೊಂಡು ಹೋದರು ಎಂಬ ಪಿಸುಮಾತು ಇವೆಲ್ಲ ನಾವು ಕಂಡು ಕೇಳಿದ್ದೇ. ನಮ್ಮ ಹಳೆಯ ಚಿತ್ರ ‘ನಾ ನಿನ್ನ ಬಿಡಲಾರೆ’ (1979) ಆ ನಂಬಿಕೆಯೊಳಗೇ ನಿಂತು ಹೆದರಿಸಿತು. ಅಲ್ಲಿ ದೆವ್ವ ಹಿಡಿಯುವುದು ಗಂಡನನ್ನು, ಕಾಪಾಡಲು ಹೋರಾಡುವವಳು ಹೆಂಡತಿ. ಕಾಮಿನಿ ಹೊಕ್ಕ ಅನಂತ್ ನಾಗ್ ಅವರ ಆ ನೋಟವನ್ನು ನೆನೆದರೆ ನಮ್ಮ ತಲೆಮಾರಿನವರು ಈಗಲೂ ರಾತ್ರಿ ಹಿತ್ತಲಿಗೆ ಹೋಗಲು ಯೋಚಿಸುತ್ತಾರೆ. ಅದು ‘ಮಂಗಳಸೂತ್ರ’ ಎಂದು ಹಿಂದಿಗೂ ಹೋಯಿತು. ಆ ಚಿತ್ರದ ಬಗ್ಗೆ ನನ್ನ ದೂರಿಲ್ಲ. ದೆವ್ವ ಇದೆ ಎಂದು ಹೇಳಿತು, ಕೊನೆಯವರೆಗೂ ಆ ಮಾತಿಗೆ ಕಟ್ಟುಬಿತ್ತು.

‘ಮಣಿಚಿತ್ರತಾಳ್’ ಕಷ್ಟದ ದಾರಿ ಹಿಡಿಯಿತು. ಅದು ಮಂತ್ರವಾದಿಯನ್ನು ಹೀಯಾಳಿಸಲಿಲ್ಲ. ತಿಲಕನ್ ಮಾಡಿದ ನಂಬೂದಿರಿಯ ಪಾತ್ರ ವೈದ್ಯನ ಜೊತೆ ಕೈಜೋಡಿಸುತ್ತದೆ, ಹೋಮ ಮಂಡಲಗಳೆಲ್ಲ ಚಿಕಿತ್ಸೆಗೆ ಕಟ್ಟಿದ ರಂಗಮಂಟಪವಾಗುತ್ತವೆ. ಹೊಗೆಯ ಮರೆಯಲ್ಲಿ ಗಂಡನ ಜಾಗಕ್ಕೆ ಬೊಂಬೆ ಬರುತ್ತದೆ, ನಾಗವಲ್ಲಿ ಬೊಂಬೆಯನ್ನು ಕಡಿದು ತೃಪ್ತಳಾಗುತ್ತಾಳೆ, ಗಂಗಾ ಉಳಿಯುತ್ತಾಳೆ. ವೈದ್ಯಶಾಸ್ತ್ರದ ಕಣ್ಣಿನಿಂದ ಇದು ನಿಲ್ಲುವುದಿಲ್ಲ ಎಂದು ಹೇಳುವವರಿದ್ದಾರೆ, ಅವರ ಮಾತು ಸರಿ. ಆದರೂ ಅವಳನ್ನು ಬೇವಿನ ಸೊಪ್ಪಿನಿಂದ ಹೊಡೆಯುವ ಬದಲು ಕೂರಿಸಿಕೊಂಡು ಅವಳ ಬಾಲ್ಯವನ್ನು ಕೇಳಿದ ಸಿನಿಮಾ ಅದು. ‘ಆಪ್ತಮಿತ್ರ’ ಈ ಜೀವಾಳವನ್ನು ಉಳಿಸಿಕೊಂಡಿತು. ಅದಕ್ಕೇ ನಾನು ಅದನ್ನು ಎದೆಗೆ ಹತ್ತಿರ ಇಟ್ಟುಕೊಂಡಿದ್ದೇನೆ.

ಜಾರಿದ್ದು ಆಮೇಲೆ. ‘ಚಂದ್ರಮುಖಿ’ ಚೆನ್ನೈನ ಶಾಂತಿ ಚಿತ್ರಮಂದಿರದಲ್ಲಿ 800 ದಿನಗಳಿಗೂ ಹೆಚ್ಚು ಓಡಿತು. ಅದರಲ್ಲಿ ರಜನಿಕಾಂತ್ ಮೊದಲಿನಿಂದಲೇ ತೆರೆ ತುಂಬಿಕೊಂಡಿದ್ದಾರೆ. ಮನೆ ನಮಗೆ ಪರಿಚಯವಾಗುವ ಮೊದಲೇ ಕಾಯುವವನು ಬಂದಾಗಿದೆ. ಕಾಯುವವನು ಇದ್ದಲ್ಲಿ ಭಯ ಎಲ್ಲಿಂದ ಬರಬೇಕು? ಕಥೆಗೆ ಬೇಕಿಲ್ಲದ ಭಾರೀ ಹಾವೊಂದೂ ಅಲ್ಲಿ ಹರಿದಾಡುತ್ತದೆ. ‘ಆಪ್ತಮಿತ್ರ’ದ ಮುಂದಿನ ಭಾಗ ‘ಆಪ್ತರಕ್ಷಕ’ದ ಹೊತ್ತಿಗೆ ನಾಗವಲ್ಲಿಯ ಚಿತ್ರಪಟವೇ ಮನೆಯಿಂದ ಮನೆಗೆ ಕೇಡು ಹೊತ್ತು ತಿರುಗುತ್ತದೆ, ನೂರು ವರ್ಷ ದಾಟಿದ ರಾಜ ಬದುಕಿಯೇ ಇರುತ್ತಾನೆ. ವಿಷ್ಣುವರ್ಧನ್ ಅವರ ವಿಜಯ ರಾಜೇಂದ್ರ ಬಹದ್ದೂರ್ ನನಗೂ ಇಷ್ಟ, ಅವರ ಆ ಠೀವಿಗೆ ಎಷ್ಟು ಸಲ ಸಿಳ್ಳೆ ಹೊಡೆದಿದ್ದೇನೋ ಲೆಕ್ಕವಿಲ್ಲ. ಆದರೆ ರೋಗಿಯ ನೋವು ಅಲ್ಲಿ ಕಥೆಯ ಅಂಚಿಗೆ ಸರಿದಿದೆ. ‘ಭೂಲ್ ಭುಲಯ್ಯಾ 2’ (2022) ಬಂದಾಗಂತೂ ದೆವ್ವ ನಿಜವಾದದ್ದೇ ಆಗಿತ್ತು. ತಬು ಅವರಂಥ ನಟಿ ಇದ್ದೂ ಆ ಚಿತ್ರ ನನ್ನನ್ನು ಒಂದು ರಾತ್ರಿಯೂ ಕಾಡಲಿಲ್ಲ. ದೆವ್ವ ನಿಜವಾದ ಕೂಡಲೇ ಅದು ಹೊರಗಿನದಾಯಿತು. ನಮ್ಮ ಮನೆಯ ಹೆಣ್ಣುಮಗಳ ಮುಖವನ್ನು ನೋಡುವ ಅಗತ್ಯವೇ ತಪ್ಪಿಹೋಯಿತು.

ತೆರೆಯ ಹೊರಗೂ ಇದೇ ಆಯಿತು, ಅದನ್ನು ನೆನೆದರೆ ಸಂಕಟವಾಗುತ್ತದೆ. ಸೌಂದರ್ಯ 2004ರ ಏಪ್ರಿಲ್ 17ರಂದು ಬೆಂಗಳೂರಿನಲ್ಲಿ ವಿಮಾನ ಅಪಘಾತದಲ್ಲಿ ತೀರಿಕೊಂಡರು. ‘ಆಪ್ತಮಿತ್ರ’ ತೆರೆಕಂಡದ್ದು ಆ ಆಗಸ್ಟ್‌ನಲ್ಲಿ. ವಿಷ್ಣುವರ್ಧನ್ 2009ರ ಡಿಸೆಂಬರ್ 30ರಂದು ನಿಧನರಾದರು, ‘ಆಪ್ತರಕ್ಷಕ’ ಮುಂದಿನ ಫೆಬ್ರವರಿಯಲ್ಲಿ ಬಂತು. ಊರೆಲ್ಲ ನಾಗವಲ್ಲಿಯ ಶಾಪದ ಮಾತಾಡಿತು. ದೆವ್ವ ಇಲ್ಲ, ನೊಂದ ಮನಸ್ಸಿದೆ ಎಂದು ಎರಡೂವರೆ ಗಂಟೆ ಕೂತು ಹೇಳಿದ ಕಥೆಯನ್ನು ನೋಡಿ ಎದ್ದ ನಾವೇ, ನಿಜವಾದ ಸಾವುಗಳ ಮೇಲೆ ದೆವ್ವವನ್ನು ಹೇರಿದೆವು. ಆ ಇಬ್ಬರು ಕಲಾವಿದರಿಗೆ ಅದು ಮರ್ಯಾದೆ ಅಲ್ಲ.

ಹಾಗೆಂದು ದೆವ್ವ ಇರಲೇಬಾರದು ಎಂಬ ಹಟ ನನಗಿಲ್ಲ. ಪವನ್ ಕುಮಾರ್ ಅವರ ‘ಯು-ಟರ್ನ್’ (2016) ನೋಡಿ. ಬೆಂಗಳೂರಿನ ಡಬಲ್ ರೋಡ್ ಫ್ಲೈಓವರ್ ಮೇಲೆ ಬೈಕಿನವನೊಬ್ಬ ಅವಸರಕ್ಕೆ ರಸ್ತೆ ವಿಭಜಕದ ಕಲ್ಲು ಸರಿಸಿ ತಿರುಗಿಸಿಕೊಂಡು ಹೋಗುತ್ತಾನೆ. ಸರಿಸಿದ ಕಲ್ಲು ರಸ್ತೆಯ ಮಧ್ಯದಲ್ಲೇ ಉಳಿಯುತ್ತದೆ. ಆ ಒಂದು ಕಲ್ಲಿನಿಂದ ದೆವ್ವ ಹುಟ್ಟುತ್ತದೆ. ಕಲ್ಲು ಸರಿಸುವ ಕೈ ನಮ್ಮದೇ ಆದದ್ದರಿಂದ ಈ ದೆವ್ವವನ್ನು ಹೊರಗಿನದು ಎನ್ನಲಾಗುವುದಿಲ್ಲ. ಚಿತ್ರ ಮಲಯಾಳಕ್ಕೆ ಹೋಯಿತು, 2018ರಲ್ಲಿ ಪವನ್ ಅವರೇ ಸಮಂತಾ ಅವರೊಂದಿಗೆ ತೆಲುಗು, ತಮಿಳಿನಲ್ಲಿ ಮಾಡಿದರು, 2023ರಲ್ಲಿ ಹಿಂದಿಗೂ ಬಂತು. ಕನ್ನಡದಿಂದ ಹೊರಟ ಭಯ ಇಷ್ಟು ಊರು ತಿರುಗಿದ್ದಕ್ಕೆ ನನಗೆ ಹೆಮ್ಮೆ. ಆದರೂ ಮತ್ತೆ ನೋಡಬೇಕೆನಿಸಿದಾಗ ನಾನು ಹಾಕಿಕೊಳ್ಳುವುದು ಶ್ರದ್ಧಾ ಶ್ರೀನಾಥ್ ಅವರ ಚಿತ್ರವನ್ನೇ. ಅಲ್ಲಿ ತಾರೆಯೊಬ್ಬರನ್ನು ನೋಡುತ್ತಿದ್ದೇನೆ ಎನಿಸುವುದಿಲ್ಲ, ಕೆಲಸಕ್ಕೆ ಹೊಸದಾಗಿ ಸೇರಿದ ಹುಡುಗಿಯೊಬ್ಬಳು ಕಾಣುತ್ತಾಳೆ.

ಮತ್ತೆ ಆ ಮಂಚದ ಹತ್ತಿರ ಬರುತ್ತೇನೆ. ಶೋಭನಾ, ಸೌಂದರ್ಯ, ಜ್ಯೋತಿಕಾ, ವಿದ್ಯಾ ಬಾಲನ್ ನಾಲ್ವರೂ ಮಂಚ ಎತ್ತಿದ್ದಾರೆ. ಸಾಲಾಗಿ ಇಟ್ಟು ನೋಡಿದ್ದೇನೆ. ಮಂಚ ಬಿದ್ದ ಮೇಲಿನ ಕ್ಷಣದಲ್ಲಿ ಗಂಗಾಳ ಮುಖ ಖಾಲಿಯಾಗುತ್ತದೆ. ತಾನೇನು ಮಾಡಿದೆನೆಂದು ಅವಳಿಗೆ ತಿಳಿಯದು. ಗಂಡ ಯಾಕೆ ಹೀಗೆ ನೋಡುತ್ತಿದ್ದಾನೆಂದು ಅವನ ಮುಖದಲ್ಲೇ ಹುಡುಕುತ್ತಾಳೆ. ಆ ಸಂಜೆ ಟಾಕೀಸಿನಿಂದ ಹೊರಬಂದು ಬಸ್ಸಿಗೆ ಕಾಯುತ್ತಿದ್ದಾಗ ಅತ್ತೆ ನಾಗವಲ್ಲಿಯ ಸುದ್ದಿಯನ್ನೇ ಎತ್ತಲಿಲ್ಲ. ಅತ್ತೆಯ ತೋಳಿನಲ್ಲಿ ಮದುವೆಯಾದ ಹೊಸತರಲ್ಲಿ ಕಟ್ಟಿದ ತಾಯಿತದ ಗುರುತು ಇತ್ತು. ಬಹಳ ಹೊತ್ತಿನ ಮೇಲೆ ಒಂದೇ ಮಾತು ಕೇಳಿದರು: “ಅವಳು ಗಂಡನ್ನ ಎಷ್ಟು ದಿನದಿಂದ ಮಾತಾಡಿಸ್ತಿದ್ಲೋ, ಅವನು ತಲೆ ಎತ್ತಿದ್ದು ಯಾವತ್ತು ನೋಡಿದ್ಯಾ?”