ಓಲ್ನಿಯ ಪಾದ್ರಿಯ ಪರವಾಗಿ

ಇಂಗ್ಲಿಷ್ ಎಂ.ಎ. ತರಗತಿಯ ನೋಟ್ಸಿನಲ್ಲಿ ಕೆಲವು ತೀರ್ಪುಗಳು ಅಜ್ಜಿಯ ಒಡವೆಯಂತೆ ಕೈಯಿಂದ ಕೈಗೆ ದಾಟುತ್ತ ಬರುತ್ತವೆ. ಅಸಲಿಯೋ ನಕಲಿಯೋ ಎಂದು ಯಾರೂ ಒರೆಗೆ ಹಚ್ಚುವುದಿಲ್ಲ. ಅಂಥದ್ದರಲ್ಲಿ ಒಂದು, ಕವಿ ವಿಲಿಯಂ ಕೂಪರ್‌ನ ತಲೆ ಕೆಡಿಸಿದವನು ಜಾನ್ ನ್ಯೂಟನ್ ಎಂಬ ಪಾದ್ರಿ ಎಂಬುದು. ಹೆಸರಿನ ಕಾಗುಣಿತ ನೋಡಿ ‘ಕೌಪರ್’ ಎನ್ನುವವರೂ, ತಿಳಿದು ‘ಕೂಪರ್’ ಎನ್ನುವವರೂ ಈ ವಿಷಯಕ್ಕೆ ಬಂದರೆ ಒಂದೇ ರಾಗ ಎಳೆಯುತ್ತಾರೆ. 1830ರ ದಶಕದಲ್ಲಿ ಕೂಪರ್‌ನ ಜೀವನಚರಿತ್ರೆ ಬರೆದ ರಾಬರ್ಟ್ ಸದೇ ಈ ಗಿಡಕ್ಕೆ ನೀರೆರೆದ. 1929ರಲ್ಲಿ ‘ದ ಸ್ಟ್ರಿಕನ್ ಡಿಯರ್’ ಬರೆದ ಡೇವಿಡ್ ಸೆಸಿಲ್ ಅದಕ್ಕೆ ಸೊಗಸಾದ ಗದ್ಯದ ಬೇಲಿ ಕಟ್ಟಿದ. ಅಲ್ಲಿಂದೀಚೆಗೆ ನ್ಯೂಟನ್ ಎಂದರೆ ಹೂವಿನಂಥ ಮನಸ್ಸಿನ ಮೇಲೆ ಬೂಟುಗಾಲಿಟ್ಟ, ಒಂದು ಕಾಲದ ನಾವಿಕ.

ಇಸವಿಗಳನ್ನು ನೋಡಿದರೆ ಸಾಕು, ಈ ಮಾತು ಕುಂಟತೊಡಗುತ್ತದೆ. 1731ರಲ್ಲಿ ಹುಟ್ಟಿದ ಕೂಪರ್ ಆರು ತುಂಬುವಷ್ಟರಲ್ಲಿ ತಾಯಿಯನ್ನು ಕಳೆದುಕೊಂಡ. ಲಂಡನ್ನಿನಲ್ಲಿ ಕಾನೂನು ಓದುವಾಗಲೇ ಕಾರಣವಿಲ್ಲದ ಖಿನ್ನತೆ ಅವನನ್ನು ಹಿಡಿದಿತ್ತು. ಪ್ರೀತಿಸಿದ ಸೋದರಸಂಬಂಧಿ ಥಿಯೊಡೋರಾಳನ್ನು ಅವಳ ತಂದೆ ಕೊಡಲೊಪ್ಪಲಿಲ್ಲ. 1763ರಲ್ಲಿ ಹೌಸ್ ಆಫ್ ಲಾರ್ಡ್ಸ್‌ನಲ್ಲಿ ಗುಮಾಸ್ತೆಯ ಕೆಲಸವೊಂದು ಸಿಗುವುದರಲ್ಲಿತ್ತು. ಅದಕ್ಕಾಗಿ ಸಭೆಯ ಎದುರು ನಿಂತು ಪ್ರಶ್ನೆಗಳಿಗೆ ಉತ್ತರಿಸಬೇಕೆಂದಾಗ ಅವನು ಕುಸಿದ. ಮತ್ತೆ ಮತ್ತೆ ಜೀವ ಕಳೆದುಕೊಳ್ಳಲು ಹೋಗಿ, ಕೊನೆಗೆ ಸೇಂಟ್ ಆಲ್ಬನ್ಸ್‌ನಲ್ಲಿ ಡಾ. ನಥಾನಿಯಲ್ ಕಾಟನ್ ನಡೆಸುತ್ತಿದ್ದ ಚಿಕಿತ್ಸಾಲಯ ಸೇರಿದ. ಆಗ ನ್ಯೂಟನ್ ಲಿವರ್‌ಪೂಲ್ ಬಂದರಿನಲ್ಲಿ ಸುಂಕದ ಅಧಿಕಾರಿ. ಪಾದ್ರಿಯ ದೀಕ್ಷೆ ಅವನಿಗೆ ಸಿಕ್ಕಿದ್ದು 1764ರಲ್ಲಿ, ಇಬ್ಬರೂ ಮುಖ ನೋಡಿದ್ದು 1767ರಲ್ಲಿ. ಬೆಂಕಿ ಬಿದ್ದು ನಾಲ್ಕು ವರ್ಷವಾದ ಮೇಲೆ ನೀರು ಹೊತ್ತು ಬಂದವನನ್ನು ಕೊಳ್ಳಿ ಇಟ್ಟವನೆನ್ನುವುದು ಯಾವ ನ್ಯಾಯ?

ಆರೋಪ ಹೊರಿಸುವವರು ಇಲ್ಲಿ ಒಂದು ಹೆಜ್ಜೆ ಹಿಂದೆ ಸರಿದು ಬೇರೆ ಅಸ್ತ್ರ ಎತ್ತುತ್ತಾರೆ. ನ್ಯೂಟನ್ ಅಲ್ಲದಿದ್ದರೆ ಅವನ ಕ್ಯಾಲ್ವಿನ್ ಮತ ಇದೆಯಲ್ಲ, ಯಾರು ಸ್ವರ್ಗಕ್ಕೆ ಯಾರು ನರಕಕ್ಕೆ ಎಂದು ದೇವರು ಮೊದಲೇ ಗೆರೆ ಎಳೆದಿದ್ದಾನೆ ಎನ್ನುವ ಮತ, ಅದೇ ಕೂಪರ್‌ನನ್ನು ತಿಂದಿತು ಎನ್ನುತ್ತಾರೆ. ಇದು ಆ ಮತವನ್ನು ಅರ್ಧ ಮಾತ್ರ ಓದಿದವರ ವಾದ. ದೇವರು ಒಮ್ಮೆ ಕೈ ಹಿಡಿದವನನ್ನು ಎಂದೂ ಬಿಡುವುದಿಲ್ಲ ಎಂಬುದು ಆ ಮತದ ಇನ್ನರ್ಧ. ಕೂಪರ್‌ನ ಭ್ರಮೆ ನಿಂತಿದ್ದು ಇದಕ್ಕೆ ತದ್ವಿರುದ್ಧವಾಗಿ. ತನ್ನನ್ನು ದೇವರು ನಿಜವಾಗಿ ರಕ್ಷಿಸಿದ್ದ, ಆಮೇಲೆ ತನ್ನೊಬ್ಬನನ್ನೇ ಕೈಬಿಟ್ಟ, ಇಡೀ ಸೃಷ್ಟಿಯಲ್ಲಿ ಈ ಅಪವಾದ ತಾನೊಬ್ಬನೇ ಎಂದು ಅವನು ನಂಬಿದ್ದ. ಅವನ ಗುರುಗಳ ಪುಸ್ತಕದಲ್ಲಿ ಇಂಥ ಮನುಷ್ಯನಿಗೆ ಜಾಗವೇ ಇರಲಿಲ್ಲ. ಹಾಗೆಂದು ನ್ಯೂಟನ್ ಹೇಳಿದ, ಬರೆದ, ಮತ್ತೆ ಹೇಳಿದ. ತರ್ಕ ಅಲ್ಲಿ ತಾಗಲಿಲ್ಲ. ರೋಗದ ಲಕ್ಷಣವೇ ಅದು.

ನ್ಯೂಟನ್ ಪಾದ್ರಿಯಾಗಿದ್ದ, ಕೂಪರ್ ನೆಲೆಸಿದ್ದ ಓಲ್ನಿ ಇರುವುದು ಗ್ರೇಟ್ ಊಸ್ ನದಿಯ ದಂಡೆಯಲ್ಲಿ. ಅದೇ ನದಿ ಮುಂದೆ ಹರಿದು ಬೆಡ್‌ಫರ್ಡ್ ಮುಟ್ಟುತ್ತದೆ. ಅಲ್ಲಿನ ಸೆರೆಮನೆಯಲ್ಲಿ ಕುಳಿತೇ ಜಾನ್ ಬನ್ಯನ್ 1666ರ ತನ್ನ ಆತ್ಮಕಥೆ ಬರೆದದ್ದು. ದೇವರು ತನ್ನನ್ನು ಬಿಟ್ಟಿದ್ದಾನೆಂಬ ಭಯದಲ್ಲಿ ವರ್ಷಗಟ್ಟಲೆ ನರಳಿದವನ ಕಥೆ ಅದು. 1678ರ ‘ಪಿಲ್‌ಗ್ರಿಮ್ಸ್ ಪ್ರೋಗ್ರೆಸ್’ನಲ್ಲಿ ಆ ನರಳಿಕೆ ಹತಾಶೆ ಎಂಬ ದೈತ್ಯನಾಗಿ, ಸಂಶಯ ಎಂಬ ಕೋಟೆಯಾಗಿ ಬಂತು. ಬಾಸೆಲ್ ಮಿಷನ್ನಿನ ವೈಗ್ಲೆ ‘ಯಾತ್ರಿಕನ ಸಂಚಾರ’ ಎಂದು ಅದನ್ನು ಕನ್ನಡಕ್ಕೆ ತಂದ ಮೇಲೆ ಆ ದೈತ್ಯ ನಮ್ಮ ಕರಾವಳಿಯ ಕ್ರೈಸ್ತ ಮನೆಗಳಿಗೂ ಪರಿಚಯವಾದ. ಬನ್ಯನ್‌ನ ಸಮಕಾಲೀನ ರಿಚರ್ಡ್ ಬ್ಯಾಕ್ಸ್‌ಟರ್ ವಿಷಣ್ಣತೆಗೆ ನಂಬಿಕೆಯೂ ಬೇಕು, ಔಷಧವೂ ಬೇಕು ಎಂದು ಪ್ರವಚನದಲ್ಲೇ ಹೇಳಿದ ಪಾದ್ರಿ. ಖಿನ್ನನಾದವನನ್ನು ಒಂಟಿಯಾಗಿ ಬಿಡಬೇಡಿ, ಗಂಟೆಗಟ್ಟಲೆ ಧ್ಯಾನಕ್ಕೆ ಕೂರಿಸಬೇಡಿ, ಕೈಗೆ ಕೆಲಸ ಕೊಡಿ, ವೈದ್ಯನ ಹತ್ತಿರ ಕರೆದೊಯ್ಯಿರಿ ಎಂಬುದು ಅವನ ಸಲಹೆಯ ಸಾರ. ಇದಕ್ಕೂ ಹಿಂದೆ ಹೋದರೆ ಎಲೀಯನ ಕಥೆ ಇದೆ. ಸಾವು ಬರಲಿ ಎಂದು ಬೇಡಿ ಪೊದೆಯ ಕೆಳಗೆ ಮಲಗಿದ ಪ್ರವಾದಿಗೆ ದೇವದೂತ ಮೊದಲು ಕೊಟ್ಟದ್ದು ಕೆಂಡದಲ್ಲಿ ಬೆಂದ ರೊಟ್ಟಿ, ಒಂದು ತಂಬಿಗೆ ನೀರು, ಇನ್ನೊಂದು ನಿದ್ದೆ. ನ್ಯೂಟನ್ ಈ ವಂಶದವನು. ಅವನನ್ನು ಈ ವಂಶವೃಕ್ಷದಿಂದ ಕಿತ್ತು ಒಂಟಿ ಖಳನನ್ನಾಗಿ ನಿಲ್ಲಿಸುವುದು ಸುಲಭ. ಹಾಗೆ ನಿಲ್ಲಿಸಿದವರು ಬ್ಯಾಕ್ಸ್‌ಟರ್‌ನ ಪುಟ ತಿರುವಿದ ಗುರುತು ಕಾಣುವುದಿಲ್ಲ.

1773ರ ಹೊಸ ವರ್ಷದ ದಿನ ನ್ಯೂಟನ್ ಓಲ್ನಿಯ ಸಭೆಗೆಂದು ಬರೆದ ಗೀತೆಯನ್ನು ಇಂದು ಜಗತ್ತೇ ‘ಅಮೇಜಿಂಗ್ ಗ್ರೇಸ್’ ಎಂದು ಹಾಡುತ್ತದೆ. ಹೆಚ್ಚುಕಡಿಮೆ ಅದೇ ದಿನಗಳಲ್ಲಿ ಕೂಪರ್, ದೇವರ ನಡೆ ನಿಗೂಢ ಎನ್ನುವ ತನ್ನ ಪ್ರಸಿದ್ಧ ಗೀತೆಯನ್ನು ಬರೆದು ಮುಗಿಸಿ ಕುಸಿದುಬಿದ್ದ. ಫೆಬ್ರವರಿಯಲ್ಲಿ ಬಿದ್ದ ಒಂದು ಕನಸಿನಲ್ಲಿ ತನ್ನ ಕಥೆ ಮುಗಿಯಿತೆಂಬ ತೀರ್ಪು ಅವನ ಕಿವಿಗೆ ಬಿತ್ತು. ಅಲ್ಲಿಂದ ಮುಂದೆ ಸಾಯುವವರೆಗೆ, ಇಪ್ಪತ್ತೇಳು ವರ್ಷ, ಅವನು ಚರ್ಚಿನೊಳಗೆ ಕಾಲಿಡಲಿಲ್ಲ.

ಏಪ್ರಿಲ್‌ನಲ್ಲಿ ಮನೆಯ ಹತ್ತಿರ ಜಾತ್ರೆಯ ಗದ್ದಲ. ಒಂದು ರಾತ್ರಿಯ ಮಟ್ಟಿಗೆಂದು ಕೂಪರ್ ಪಾದ್ರಿಯ ಮನೆಗೆ ಬಂದ. ಬಂದವನು ಹೋಗಲೊಲ್ಲೆ ಎಂದ. 1774ರ ಮೇ ತಿಂಗಳವರೆಗೆ, ಹದಿಮೂರು ತಿಂಗಳು, ಅವನೂ ಅವನನ್ನು ಮಗನಂತೆ ನೋಡಿಕೊಳ್ಳುತ್ತಿದ್ದ ಮೇರಿ ಅನ್ವಿನ್ ಎಂಬ ವಿಧವೆಯೂ ಅಲ್ಲೇ ಉಳಿದರು. ಆ ಮನೆಯಲ್ಲಿದ್ದಾಗಲೇ ಅಬ್ರಹಾಮನ ಬಲಿಯಂತೆ ತನ್ನನ್ನೇ ಅರ್ಪಿಸಬೇಕೆಂಬ ಅಪ್ಪಣೆ ತನಗಾಗಿದೆಯೆಂದು ಅವನು ಮತ್ತೊಮ್ಮೆ ಸಾವಿನ ಬಾಗಿಲಿಗೆ ಹೋಗಿ ಬಂದ. ನ್ಯೂಟನ್ ಡಾ. ಕಾಟನ್‌ನ ಸಲಹೆ ಕೇಳಿದ, ಕಾವಲು ಕಾದ, ತೋಟದ ಕೆಲಸಕ್ಕೆ ಹಚ್ಚಿದ. ಅವನ ಬರಹದಲ್ಲಿ ಅಲ್ಲಲ್ಲಿ ದಣಿವು ಇಣುಕುತ್ತದೆ, ಮುಚ್ಚಿಟ್ಟಿಲ್ಲ. ಆದರೂ ಮನೆಯ ಬಾಗಿಲು ಮುಚ್ಚಲಿಲ್ಲ. ಸಾಂತ್ವನದ ಪತ್ರ ಬರೆಯುವುದರಲ್ಲಿ ನಿಸ್ಸೀಮನಾಗಿದ್ದವನು ಅವನು. 1780ರ ಸುಮಾರಿಗೆ ‘ಕಾರ್ಡಿಫೋನಿಯಾ’ ಎಂದು ಹೊರಬಂದ ಪತ್ರಗಳಿಂದ ಎಷ್ಟೋ ಜನ ಧೈರ್ಯ ಪಡೆದರು. ತನ್ನ ಮನೆಯ ಅತಿಥಿಗೆ ಮಾತ್ರ ಅವನ ಒಂದು ಮಾತೂ ನಾಟಲಿಲ್ಲ. ಸೋತ ಮಾತಿನ ಪಕ್ಕದಲ್ಲೇ ಹದಿಮೂರು ತಿಂಗಳು ಕೂತ ಈ ಮನುಷ್ಯ, ಆ ಪತ್ರಗಳ ಲೇಖಕನಿಗಿಂತ ದೊಡ್ಡವನು. ವಿಮರ್ಶೆಗೆ ಇದು ಹೊರಗಿನ ಮಾತು ಎನ್ನುವವರು ಎನ್ನಲಿ. ಸಾಂತ್ವನದ ಪರಂಪರೆಯನ್ನು ಬರೀ ಪದ್ಯ ಗದ್ಯಗಳ ಗುಣದಿಂದ ಅಳೆಯುವುದು, ಅಡುಗೆಯನ್ನು ಪಾತ್ರೆಯ ಹೊಳಪಿನಿಂದ ಅಳೆದಂತೆ.

ನ್ಯೂಟನ್ ಸಂತನೇನಲ್ಲ. ದೇವರತ್ತ ತಿರುಗಿದೆನೆಂದು ಅವನೇ ಹೇಳಿಕೊಳ್ಳುವ 1748ರ ಬಿರುಗಾಳಿಯ ನಂತರವೂ 1754ರವರೆಗೆ ಗುಲಾಮರನ್ನು ಸಾಗಿಸುವ ಹಡಗಿನ ಕಪ್ತಾನನಾಗಿದ್ದ. ಆ ವ್ಯಾಪಾರದ ವಿರುದ್ಧ ಬಾಯಿ ತೆರೆದು ಪುಸ್ತಿಕೆ ಬರೆದದ್ದು 1788ರಲ್ಲಿ. ಓಲ್ನಿಯಲ್ಲಿ ನಾಚಿಕೆಯ ಸ್ವಭಾವದ ಕೂಪರ್‌ನನ್ನು ಕೂಟಗಳಲ್ಲಿ ಬಹಿರಂಗವಾಗಿ ಪ್ರಾರ್ಥಿಸಲು ಎಬ್ಬಿಸಿ ನಿಲ್ಲಿಸುತ್ತಿದ್ದ; ನಾಲ್ಕು ಜನರ ಎದುರು ನಿಲ್ಲುವ ಭಯದಲ್ಲೇ ಒಮ್ಮೆ ಮುರಿದುಬಿದ್ದವನಿಗೆ ಅದು ಬೇಡದ ಪರೀಕ್ಷೆ. 1786ರಲ್ಲಿ, ಕ್ಯಾಥೊಲಿಕ್ ನೆರೆಯವರೊಡನೆ ಕೂಪರ್ ಮನೆಯವರ ಒಡನಾಟ ಹೆಚ್ಚಾಯಿತೆಂದು, ಆಗ ತಾನಿದ್ದ ಲಂಡನ್ನಿನಿಂದ ಗದರಿಕೆಯ ಪತ್ರ ಬರೆದು ಅವರ ಮನಸ್ಸು ನೋಯಿಸಿದ. ಇಷ್ಟೂ ನಿಜ. ಮನೆಯ ಹಿರಿಯಣ್ಣಂದಿರು ಮಾಡುವ ತಪ್ಪುಗಳು ಇವು, ಪ್ರೀತಿ ಇದ್ದೆಡೆ ಆಗುವಂಥವು.

ಕೂಪರ್ ತನ್ನ ಅತ್ಯಂತ ಕಪ್ಪಾದ ಮಾತುಗಳನ್ನೆಲ್ಲ ನ್ಯೂಟನ್‌ಗೇ ಬರೆದ, ಬೇರೆಯವರಿಗೆ ಬರೆದ ಪತ್ರಗಳು ನಗುನಗುತ್ತಿವೆ, ಆದ್ದರಿಂದ ಆ ಕಪ್ಪಿನ ಮೂಲ ನ್ಯೂಟನ್ ಎನ್ನುವವರಿದ್ದಾರೆ. ಮನುಷ್ಯರನ್ನು ಕಂಡವರು ಆಡುವ ಮಾತೇ ಇದು? ಬಂದ ನೆಂಟರ ಮುಂದೆ ಚೆನ್ನಾಗಿದ್ದೇನೆ ಎನ್ನುತ್ತೇವೆ. ಹೊಟ್ಟೆಯೊಳಗಿನ ಸಂಕಟ ಬಿಚ್ಚುವುದು ಕೇಳಿ ಓಡಿಹೋಗದವರ ಮುಂದೆ. ತಾನು ಶಪಿತ ಎಂದು ಬರೆದರೂ ಮುಂದಿನ ಅಂಚೆಗೆ ಉತ್ತರ ಬರುವುದೆಂಬ ಭರವಸೆ ಕೂಪರ್‌ಗೆ ಇದ್ದದ್ದು ನ್ಯೂಟನ್‌ನಲ್ಲಿ.

ನಿಜವಾದ ಅಪರಾಧಿ ಬೇಕೇ ಬೇಕೆಂದರೆ ಸ್ಯಾಮ್ಯುಯೆಲ್ ಟೀಡನ್ ಸಿಗುತ್ತಾನೆ. ಓಲ್ನಿಯ ಈ ಶಾಲಾಮಾಸ್ತರನ ಆಡಂಬರದ ಮಾತುಗಾರಿಕೆಯನ್ನು ಕೂಪರ್ ಮೊದಲು ಪತ್ರಗಳಲ್ಲಿ ಗೇಲಿ ಮಾಡುತ್ತಿದ್ದ. 1790ರ ದಶಕದ ಆರಂಭದಲ್ಲಿ, ಮೇರಿ ಅನ್ವಿನ್ ಪಾರ್ಶ್ವವಾಯುವಿನಿಂದ ಹಾಸಿಗೆ ಹಿಡಿಯುವ ಹೊತ್ತಿಗೆ, ಅದೇ ಮಾಸ್ತರನ ಮುಂದೆ ಕೈಕಟ್ಟಿ ನಿಂತ. ಕೂಪರ್‌ಗಾಗಿ ಪ್ರಾರ್ಥಿಸಿದಾಗ ದೇವರು ತನಗೆ ಮಾತು ಕೊಡುತ್ತಾನೆ ಎನ್ನುತ್ತಿದ್ದ ಟೀಡನ್, ಆ ಮಾತುಗಳನ್ನು ಬರೆದು ಕಳುಹಿಸುತ್ತಿದ್ದ. ಎಲ್ಲವೂ ಶುಭ, ಎಲ್ಲವೂ ಖಾತ್ರಿ. ಪ್ರತಿಯಾಗಿ ಬಡ ಮಾಸ್ತರನಿಗೆ ಹಣದ ಸಹಾಯ ಸಲ್ಲುತ್ತಿತ್ತು. ಅವನ ದಿನಚರಿ 1902ರಲ್ಲಿ ಅಚ್ಚಾಗಿದೆ. ಓದಿದರೆ ಕಳ್ಳನಂತೆ ಕಾಣುವುದಿಲ್ಲ, ತನ್ನ ಮಾತನ್ನು ತಾನೇ ನಂಬಿದವನಂತೆ ಕಾಣುತ್ತಾನೆ. ಅದೇ ಭಯಂಕರ. ಒಂದು ಶುಭವಾಕ್ಯ ಸುಳ್ಳಾದಾಗಲೆಲ್ಲ ಕೂಪರ್ ಇನ್ನೊಂದು ಮೆಟ್ಟಿಲು ಕೆಳಗಿಳಿದ.

ಇಂದಿನ ವೇದಿಕೆಗಳಲ್ಲಿ, ಟಿ.ವಿ.ಯಲ್ಲಿ, ಮೊಬೈಲಿನಲ್ಲಿ ಗುಣವಾಯಿತು ಎಂದು ಘೋಷಿಸುವವರು, ಗುಣವಾಗದವನಿಗೆ ನಿನ್ನ ನಂಬಿಕೆ ಸಾಲದು ಎನ್ನುವವರು ಟೀಡನ್‌ನ ಮಕ್ಕಳು. ಅವರ ಗದ್ದಲ ಕೇಳಿ ಬೇಸತ್ತು ಕ್ರೈಸ್ತ ಸಾಂತ್ವನವೆಂದರೆ ಇಷ್ಟೇ ಎಂದುಕೊಳ್ಳುವ ಓದುಗ, ನ್ಯೂಟನ್‌ನ ಮನೆಗೆ ಬೀಗ ಹಾಕಿ ಟೀಡನ್‌ನ ಅಂಗಡಿಯನ್ನಷ್ಟೇ ನೋಡಿ ಬಂದವನು.

ಈ ಗೊಂದಲಕ್ಕೆ ಇನ್ನೊಂದು ಕಾರಣ ನಮ್ಮ ಅಭಿರುಚಿಯಲ್ಲೇ ಇದೆ. ಕೂಪರ್ 1799ರಲ್ಲಿ ಬರೆದ ‘ದ ಕಾಸ್ಟ್‌ಅವೇ’ ಕವಿತೆಯಲ್ಲಿ ಹಡಗಿನಿಂದ ಬಿದ್ದ ನಾವಿಕ ಕೂಗುತ್ತ ಮುಳುಗುತ್ತಾನೆ. ವರ್ಜೀನಿಯಾ ವುಲ್ಫ್ 1927ರ ‘ಟು ದ ಲೈಟ್‌ಹೌಸ್’ನಲ್ಲಿ ರ‍್ಯಾಮ್ಸೆಯ ಬಾಯಲ್ಲಿ ಅದನ್ನು ಹೇಳಿಸಿದ ಮೇಲಂತೂ ಆಧುನಿಕರಿಗೆ ಕೂಪರ್ ಎಂದರೆ ಆ ಕವಿತೆ. ಕವಿತೆ ದೊಡ್ಡದೇ. ಆದರೆ 1774ರಲ್ಲಿ ಸಾಕಿದ ಪಸ್, ಟೈನಿ, ಬೆಸ್ ಎಂಬ ಮೂರು ಮೊಲಗಳ ಬಗ್ಗೆ ಹತ್ತು ವರ್ಷದ ನಂತರ ‘ಜೆಂಟಲ್‌ಮನ್ಸ್ ಮ್ಯಾಗಜೀನ್’ಗೆ ಅವನು ಬರೆದ ಪುಟ್ಟ ಗದ್ಯವನ್ನು ಅದರ ಪಕ್ಕದಲ್ಲಿಟ್ಟು ನೋಡಬೇಕು. ಮುಳುಗಿದವನ ಕೂಗನ್ನು ಪದ್ಯ ಮಾಡುವುದು ಕಷ್ಟ. ಮುಳುಗಿದೆನೆಂದು ನಂಬಿದವನು ಎದ್ದು ಮೊಲಕ್ಕೆ ಸೊಪ್ಪು ಹಾಕಿ, ಪ್ರತಿಯೊಂದರ ಸ್ವಭಾವವನ್ನು ನಗುತ್ತ ಬರೆಯುವುದು ಅದಕ್ಕಿಂತ ಕಷ್ಟ.

ಕನ್ನಡದಲ್ಲೂ ಇದೇ ವ್ಯಾಜ್ಯ ನಡೆದಿದೆ. ನವ್ಯದ ದಿನಗಳಿಂದ ನಮ್ಮ ವಿಮರ್ಶೆಗೆ ಹತಾಶೆ ಎಂದರೆ ಪ್ರಾಮಾಣಿಕತೆ, ಸಮಾಧಾನ ಎಂದರೆ ಬೋಧನೆ. ಅನಾಥಪ್ರಜ್ಞೆಗೆ ಸಿಕ್ಕ ಗೌರವ ನಂಬಿಕೆಗೆ ಸಿಗಲಿಲ್ಲ. 1943ರ ‘ಮಂಕುತಿಮ್ಮನ ಕಗ್ಗ’ ಕಾವ್ಯವೇ ಅಲ್ಲವೇ ಎಂದು ಪಂಡಿತರು ಚರ್ಚಿಸುತ್ತಿದ್ದಾಗ, ಮಗನನ್ನು ಕಳೆದುಕೊಂಡವರು, ಕೆಲಸ ಹೋದವರು ಅದನ್ನು ದಿಂಬಿನ ಪಕ್ಕ ಇಟ್ಟುಕೊಂಡು ಓದುತ್ತಿದ್ದರು. ಬಿ.ಎಂ.ಶ್ರೀಯವರು ಕನ್ನಡಿಸಿದ ‘ಕರುಣಾಳು ಬಾ ಬೆಳಕೆ’ 1833ರಲ್ಲಿ ಕಾಯಿಲೆಯಿಂದೆದ್ದು ಊರಿಗೆ ಮರಳುತ್ತಿದ್ದ ನ್ಯೂಮನ್ ಎಂಬ ಇಂಗ್ಲಿಷ್ ಪಾದ್ರಿ ಹಡಗಿನಲ್ಲಿ ಬರೆದ ಗೀತೆ. ಅದು ದಾರಿ ತಪ್ಪಿದವನ ಕ್ರೈಸ್ತ ಪ್ರಾರ್ಥನೆ ಎಂಬುದನ್ನೇ ಮರೆತು ನಮ್ಮ ಶಾಲೆಗಳು ಎದೆ ತುಂಬಿ ಹಾಡಿವೆ. ಹಾಡಿದವರು ಯಾರೂ ವಿಮರ್ಶಕರ ಅಪ್ಪಣೆ ಕೇಳಲಿಲ್ಲ. ಜನ ಎದೆಗೆ ಅವಚಿಕೊಂಡದ್ದನ್ನು ಹಗುರವಾಗಿ ಕಾಣುವ ಈ ಚಾಳಿಯೇ ನ್ಯೂಟನ್‌ನನ್ನೂ ಮೂಲೆಗೆ ತಳ್ಳಿದ್ದು. 348 ಗೀತೆಗಳ ‘ಓಲ್ನಿ ಹಿಮ್ಸ್’ 1779ರಲ್ಲಿ ಹೊರಬಂತು; ನ್ಯೂಟನ್ ಅದನ್ನು ಸಿದ್ಧಪಡಿಸಿದ್ದು ಲೇಸ್ ಹೆಣೆದು ಹೊಟ್ಟೆ ಹೊರೆಯುವ ಬಡ ಊರಿನ ಸಭೆಗಾಗಿ. ರಸಿಕರಿಗಾಗಿ ಬರೆಯದವನನ್ನು ರಸಿಕರ ಕಟಕಟೆಯಲ್ಲಿ ನಿಲ್ಲಿಸಲಾಗಿದೆ.

ಕೂಪರ್ ಇದ್ದ ಆರ್ಚರ್ಡ್ ಸೈಡ್ ಮನೆ ಈಗ ಇಬ್ಬರ ಹೆಸರಿನ ವಸ್ತುಸಂಗ್ರಹಾಲಯ. ಅದರ ಹಿತ್ತಲಿಗೂ ಪಾದ್ರಿಯ ಮನೆಯ ಹಿತ್ತಲಿಗೂ ನಡುವೆ ಬೇರೆಯವರ ಹಣ್ಣಿನ ತೋಟವೊಂದಿತ್ತು. ಬೀದಿ ಸುತ್ತದೆ ಒಬ್ಬರ ಮನೆಗೊಬ್ಬರು ಹೋಗಿಬರಲು, ತೋಟದವರಿಗೆ ವರ್ಷಕ್ಕೆ ಒಂದು ಗಿನಿ ಕೊಟ್ಟು ಗೆಳೆಯರು ದಾರಿ ಮಾಡಿಕೊಂಡಿದ್ದರು. 1780ರ ಆರಂಭದಲ್ಲಿ ನ್ಯೂಟನ್ ಲಂಡನ್ನಿನ ಚರ್ಚಿಗೆ ವರ್ಗವಾಗಿ ಹೋದ. ಮಾರ್ಚಿನಲ್ಲಿ ಕೂಪರ್ ಅವನ ಹೆಂಡತಿಗೆ ಒಂದು ಪತ್ರ ಬರೆದ: ಸಂಜೆ ತೋಟದಲ್ಲಿ ಅಡ್ಡಾಡುವಾಗ ಪಾದ್ರಿಯ ಓದುವ ಕೋಣೆಯ ಹೊಗೆಗೂಡಿನಿಂದ ಹೊಗೆ ಏಳುವುದು ಕಾಣಿಸಿತಂತೆ, ಮೊದಲಾದರೆ ನ್ಯೂಟನ್ ಒಳಗಿದ್ದಾನೆ ಎಂದು ಅದರ ಅರ್ಥ, ಈಗ ಅಲ್ಲಿ ಬೇರೆ ಸಂಸಾರ ಬಂದಿದೆ, ಆಘಾತವಾಗದೆ ಆ ಮನೆಯತ್ತ ನೋಡಲು ತನ್ನಿಂದಾಗದು ಎಂದು.