ನೆಲ, ಕಾಲು, ಚೆಂಡು: ಕಾಲ್ಚೆಂಡಾಟದ ರಸಿಕರಿಗೊಂದು ಕೈಪಿಡಿ

ತೆಂಗಿನ ತೋಟವೊಂದನ್ನು ಕೊಳ್ಳಹೊರಟ ನಮ್ಮ ಮಾಯಸಂದ್ರದ ಕಡೆಯ ಬೇಸಾಯಗಾರನು, ಅನುಭವಸ್ಥನಾಗಿದ್ದಲ್ಲಿ, ಮರದ ಮೇಲಿನ ಗೊನೆಗಳನ್ನು ಎಣಿಸುವ ಮುನ್ನ ಬುಡದ ಮಣ್ಣನ್ನು ಹಿಡಿಯಷ್ಟು ತೆಗೆದು ಹಿಸುಕಿ ನೋಡುತ್ತಾನೆ. ಕಾಲ್ಚೆಂಡಾಟವನ್ನು ಹೊಸದಾಗಿ ನೋಡಲು ಕುಳಿತ ರಸಿಕನಿಗೆ ನಾನು ಹೇಳತಕ್ಕ ಮೊದಲ ಮಾತೂ ಇದೇ ಆಗಿದೆ. ಗೋಲುಗಳನ್ನು ಆಮೇಲೆ ಎಣಿಸೋಣ, ಮೊದಲು ನೆಲವನ್ನು ನೋಡೋಣ. ಕಬಡ್ಡಿ, ಖೋಖೋ, ವಾಲಿಬಾಲುಗಳಲ್ಲಿ ಪಳಗಿದ ನಮ್ಮ ಸೀಮೆಯ ಕಣ್ಣು ಕ್ಷಣಕ್ಕೊಂದು ಅಂಕವನ್ನು ಬೇಡುವ ಕಣ್ಣು, ಆದುದರಿಂದಲೇ ತೊಂಬತ್ತು ನಿಮಿಷ ಕಳೆದರೂ ಒಂದೂ ಗೋಲಾಗದ ಆಟವನ್ನು ಕಂಡು, "ಏನ್ರೀ ಇದು, ಬರೀ ಓಡಾಟವೇ ಆಯ್ತಲ್ಲ!" ಎಂದು ಜಗಲಿಯ ಮೇಲಿನ ಹಿರಿಯರು ಎದ್ದುಹೋದರೆ ಅವರನ್ನು ದೂರುವಂತಿಲ್ಲ. ಆ ಓಡಾಟದಲ್ಲಿ ಏನನ್ನು ನೋಡಬೇಕೆಂದು ಅವರಿಗೆ ಯಾರೂ ಹೇಳಿರಲಿಲ್ಲ, ಅಷ್ಟೆ.

ಬರಿಯ ನಿಯಮಗಳನ್ನು ಓದಿ ರಸಿಕರಾದವರನ್ನು ನಾನು ಕಂಡಿಲ್ಲ. ಒಬ್ಬ ಆಟಗಾರನ ಬೆನ್ನು ಹಿಡಿದು ಹೋದರೆ ಆಟವು ತಾನಾಗಿಯೇ ತೆರೆದುಕೊಳ್ಳುತ್ತದೆ. ನಾವು ಬೆನ್ನು ಹಿಡಿಯಬೇಕಾದವರು ಬೆಂಗಳೂರಿನ ಅಹಮದ್ ಖಾನರು. 1926ರ ಡಿಸೆಂಬರಿನಲ್ಲಿ ಜನಿಸಿ 2017ರ ಆಗಸ್ಟಿನಲ್ಲಿ ತೀರಿಕೊಂಡ ಇವರು ಕಾಲ್ಚೆಂಡಾಟವೇ ಮನೆಮಾತಾಗಿದ್ದ ಕುಟುಂಬದವರು, ತಂದೆಯೂ ಆಟಗಾರರು. ದಂಡಿನ ಸೋಲ್ಜರುಗಳಿಂದ ಬೆಂಗಳೂರಿನ ದಂಡುಪ್ರದೇಶದ ಮೈದಾನಗಳಿಗೆ ಬಂದ ಈ ಆಟವನ್ನು ಅಲ್ಲಿಯ ಬಡ ಕೇರಿಗಳ ಹುಡುಗರು ತಮ್ಮದಾಗಿಸಿಕೊಂಡಿದ್ದ ಕಾಲವದು. ಅಹಮದರಿನ್ನೂ ಬಾಲಕರಾಗಿದ್ದಾಗ, 1937ರಲ್ಲಿಯೂ ಮರುವರ್ಷವೂ, ಮುಂದೆ ಅವರೇ ಆಡಲಿದ್ದ ಬೆಂಗಳೂರು ಮುಸ್ಲಿಮ್ಸ್ ಎಂಬ ಕ್ಲಬ್ಬು ಮುಂಬಯಿಯ ರೋವರ್ಸ್ ಕಪ್ಪನ್ನು ಗೆದ್ದು, ಅದುವರೆಗೆ ಸೈನ್ಯದ ತಂಡಗಳ ಸೊತ್ತೆಂಬಂತಿದ್ದ ಆ ಪ್ರಶಸ್ತಿಯನ್ನು ಊರಿಗೆ ತಂದಿತ್ತು. 1946–47ರಲ್ಲಿ ಮೈಸೂರು ಸಂಸ್ಥಾನದ ತಂಡವು ಸಂತೋಷ್ ಟ್ರೋಫಿಯನ್ನೂ ಗೆದ್ದುಕೊಂಡಿತು. ಇಂತಹ ವಾತಾವರಣದಲ್ಲಿ ಬೆಳೆದ ಬಾಲಕನಿಗೆ ಗುರುಗಳನ್ನು ಹುಡುಕಿಕೊಂಡು ಹೋಗುವ ಪ್ರಮೇಯವೇ ಇರಲಿಲ್ಲ.

ಇಲ್ಲಿ ನೆಲದ ಮಾತು ಬರುತ್ತದೆ. ಬೆಂಗಳೂರಿನ ಕೆಮ್ಮಣ್ಣು ಒಣಗಿದಾಗ ಕಲ್ಲಿನಷ್ಟು ಗಟ್ಟಿ. ಅದರ ಮೇಲೆ ಬಿದ್ದ ಚೆಂಡು ನಿಲ್ಲದು, ಪುಟಿಯುತ್ತದೆ, ತಿರುಗುತ್ತದೆ. ಬೂಟು ಕೊಳ್ಳುವ ಶಕ್ತಿಯೂ ಅಭ್ಯಾಸವೂ ಇಲ್ಲದ ಹುಡುಗನು ಅಂತಹ ನೆಲದ ಮೇಲೆ ಬರಿಗಾಲಿನಲ್ಲಿ ಆಡಿದಾಗ, ಚೆಂಡನ್ನು ಬಲವಾಗಿ ಒದೆಯುವುದಕ್ಕಿಂತ ಅದನ್ನು ಹೆಬ್ಬೆರಳಿನಿಂದ, ಪಾದದ ಒಳಮಗ್ಗುಲಿನಿಂದ, ಅಂಗಾಲಿನಿಂದ ಮುಟ್ಟಿ ಮುಟ್ಟಿ ತನ್ನ ವಶದಲ್ಲಿರಿಸಿಕೊಳ್ಳುವುದನ್ನೇ ಮೊದಲು ಕಲಿಯುತ್ತಾನೆ. ಎದುರಾಳಿಗಳ ನಡುವೆ ಚೆಂಡನ್ನು ನುಸುಳಿಸಿಕೊಂಡು ಹೋಗುವ ಡ್ರಿಬ್ಲಿಂಗ್ ಎಂಬ ವಿದ್ಯೆಯು ನಮ್ಮ ಬರಿಗಾಲಿನ ಆಟಗಾರರಿಗೆ ಸಿದ್ಧಿಸಿದುದಕ್ಕೆ ಇದೇ ಮುಖ್ಯ ಕಾರಣವೆಂಬುದು ನನ್ನ ನಂಬಿಕೆ. ಮುಂದೆ ಅಹಮದರನ್ನು ಕಲ್ಕತ್ತೆಯ ಜನ ಹಾವಾಡಿಗನೆಂದು ಕರೆದುದು ಸಹ ಇದೇ ವಿದ್ಯೆಗಾಗಿ.

ಆದುದರಿಂದ, ಹೊಸ ರಸಿಕನೇ, ಆಟಗಾರನ ಕಡೆಗೆ ಚೆಂಡು ಬಂದಾಗ ಅವನ ಮೊದಲ ಸ್ಪರ್ಶವನ್ನು ಗಮನಿಸು. ಒರಟು ಆಟಗಾರನ ಕಾಲಿಗೆ ತಾಗಿದ ಚೆಂಡು ಮೂರು ಮಾರು ದೂರಕ್ಕೆ ಸಿಡಿದು, ಅದನ್ನು ಬೆನ್ನಟ್ಟುವುದರಲ್ಲೇ ಅವನ ಸಮಯವೆಲ್ಲ ವ್ಯಯವಾಗುತ್ತದೆ. ಕುಶಲನಾದರೋ ಚೆಂಡು ಬರುವ ವೇಗಕ್ಕೆ ತಕ್ಕಂತೆ ಪಾದವನ್ನು ತುಸು ಹಿಂದಕ್ಕೆಳೆದುಕೊಂಡು, ಆ ವೇಗವನ್ನು ತನ್ನೊಳಗೇ ಇಂಗಿಸಿಕೊಂಡು, ತಾನು ಮುಂದೆ ಹೋಗಬೇಕೆಂದಿರುವ ದಿಕ್ಕಿಗೇ ಅದನ್ನು ಇಳಿಸಿಕೊಳ್ಳುತ್ತಾನೆ. ಆ ಒಂದು ಸ್ಪರ್ಶದಿಂದ ಅವನಿಗೆ ಅರೆಗಳಿಗೆಯ ವಿರಾಮ ದೊರೆಯುತ್ತದೆ. ಈ ಆಟದಲ್ಲಿ ಐಶ್ವರ್ಯವೆಂದರೆ ಆ ಅರೆಗಳಿಗೆಯೇ. ಬೇಗ ಓಡುವವರು ಬಹುಮಂದಿ. ಸುತ್ತಲೂ ಎಲ್ಲರೂ ಧಾವಿಸುತ್ತಿರುವಾಗ ತಾನು ತಡೆದು ನಿಲ್ಲಬಲ್ಲವರು ಅಪರೂಪ.

ಎರಡನೆಯದಾಗಿ ಚೆಂಡಿಲ್ಲದವರನ್ನು ನೋಡಬೇಕು. ತೊಂಬತ್ತು ನಿಮಿಷಗಳನ್ನು ಇಪ್ಪತ್ತೆರಡು ಮಂದಿಗೆ ಹಂಚಿದರೆ ಒಬ್ಬೊಬ್ಬನ ಕಾಲಿನಲ್ಲಿ ಚೆಂಡಿರುವುದು ಕೆಲವೇ ನಿಮಿಷ. ಉಳಿದ ಹೊತ್ತೆಲ್ಲ ಅವನು ಮಾಡುವುದಾದರೂ ಏನು? ಬಯಲಿನ ತೆರಪನ್ನು ಹುಡುಕುತ್ತಾನೆ, ಇಲ್ಲವೆ ಎದುರಾಳಿಗೆ ತೆರಪು ಸಿಗದಂತೆ ಮುಚ್ಚುತ್ತಾನೆ. ಈ ತೆರಪಿನ ವ್ಯವಹಾರಕ್ಕೆಲ್ಲ ಮೂಲವಾದುದು ಆಫ್‌ಸೈಡ್ ಎಂಬ ನಿಯಮ. ಸ್ಥೂಲವಾಗಿ ಹೇಳುವುದಾದರೆ, ಎದುರು ಪಕ್ಷದ ಅರ್ಧದೊಳಗೆ ಚೆಂಡಿಗಿಂತ ಮುಂದಿರುವ ಆಟಗಾರನಿಗೆ ಅವನ ಸಂಗಡಿಗನು ಚೆಂಡನ್ನು ಕಳಿಸುವ ಕ್ಷಣದಲ್ಲಿ, ಅವನ ಸಮಕ್ಕಾಗಲಿ ಅವನಿಗಿಂತ ಗೋಲಿನ ಸಮೀಪದಲ್ಲಾಗಲಿ ಕನಿಷ್ಠ ಇಬ್ಬರು ಎದುರಾಳಿಗಳಿರಬೇಕು. 1925ಕ್ಕೆ ಮುಂಚೆ ಮೂವರಿರಬೇಕಿತ್ತು. ಇದರ ಬೆಲೆ ತಿಳಿಯಬೇಕಾದರೆ ಇದಿಲ್ಲದ ಆಟವೊಂದನ್ನು ನೋಡಬೇಕು. ಆಸ್ಟ್ರೇಲಿಯದ ಮೆಲ್ಬರ್ನಿನಲ್ಲಿ 1859ರಲ್ಲಿ ನಿಯಮಗಳು ಲಿಖಿತವಾದ ಅಲ್ಲಿಯ ಸ್ವಂತ ಫುಟ್ಬಾಲಿನಲ್ಲಿ, ಅಂಡಾಕಾರದ ವಿಶಾಲ ಬಯಲಿನ ಮೇಲೆ, ಅಂಡಾಕಾರದ್ದೇ ಆದ ಚೆಂಡನ್ನು ಹಿಡಿದು, ಪಕ್ಷಕ್ಕೆ ಹದಿನೆಂಟು ಮಂದಿಯಂತೆ ಆಡುತ್ತಾರೆ. ಆಫ್‌ಸೈಡ್ ಇಲ್ಲದ್ದರಿಂದ ಯಾರು ಎಲ್ಲಿ ಬೇಕಾದರೂ ನಿಲ್ಲಬಹುದು, ಎತ್ತರಕ್ಕೆ ಹಾರಿ ಚೆಂಡನ್ನು ಹಿಡಿಯುವುದೇ ಅಲ್ಲಿಯ ಪರಮವೈಭವ. ನಮ್ಮ ಆಟದಲ್ಲಿ ಆ ಸ್ವಾತಂತ್ರ್ಯವಿಲ್ಲ. ಆದುದರಿಂದಲೇ ಇಲ್ಲಿ ಹಾರುವವನಿಗಿಂತ ಕಾಯುವವನು ದೊಡ್ಡವನು.

ಮೆಲ್ಬರ್ನಿನವರು 1911ರಿಂದಲೇ ತಮ್ಮ ಆಟಗಾರರಿಗೆ ಬಹಿರಂಗವಾಗಿ ಹಣ ಕೊಡಲು ಒಪ್ಪಿದ್ದರು. ಅಹಮದರ ಕಾಲದ ಭಾರತದಲ್ಲಾದರೋ ಎಲ್ಲರೂ ಕಾಗದದ ಮೇಲೆ ಹವ್ಯಾಸಿಗಳೇ. ಆದರೂ ಪ್ರತಿಭೆಯುಳ್ಳ ಬೆಂಗಳೂರಿನ ಹುಡುಗರು ಕಲ್ಕತ್ತೆಯ ದೊಡ್ಡ ಕ್ಲಬ್ಬುಗಳ ದಾರಿ ಹಿಡಿಯುತ್ತಿದ್ದರು. 1949ರಲ್ಲಿ ಅಹಮದರು ಈಸ್ಟ್ ಬೆಂಗಾಲ್ ಕ್ಲಬ್ಬನ್ನು ಸೇರಿದರು. ಆಗಿನ ವ್ಯೂಹದಲ್ಲಿ ಹಿಂದೆ ಇಬ್ಬರು, ನಡುವೆ ಮೂವರು, ಮುಂದೆ ಐವರು. ವೆಂಕಟೇಶ್, ಅಪ್ಪಾರಾವ್, ಧನರಾಜ್, ಅಹಮದ್ ಖಾನ್, ಸಾಲೇ ಎಂಬ ಮುಂಪಂಕ್ತಿಯ ಆ ಐವರೂ ದಕ್ಷಿಣದವರೇ ಆಗಿದ್ದು, ಬಂಗಾಳದ ಜನ ಅವರನ್ನು ಪಂಚಪಾಂಡವರೆಂದು ಕರೆದರು. 1949ರಿಂದ ಸತತವಾಗಿ ಮೂರು ವರ್ಷ ಐ.ಎಫ್.ಎ. ಶೀಲ್ಡು, 1951 ಮತ್ತು 1952ರಲ್ಲಿ ಡ್ಯೂರಂಡ್ ಕಪ್ಪು ಆ ಕ್ಲಬ್ಬಿನ ಪಾಲಾದವು. ಅಹಮದರ ಸ್ಥಾನ ಇನ್‌ಸೈಡ್ ಲೆಫ್ಟ್, ಅಂದರೆ ಎಡ ಅಂಚಿನವನಿಗೂ ನಡುವಿನವನಿಗೂ ಮಧ್ಯೆ. ಗೋಲು ಹೊಡೆದವನ ಹೆಸರು ಪತ್ರಿಕೆಯಲ್ಲಿ ಬರುತ್ತದೆ. ಆ ಗೋಲಿಗೆ ಎರಡು ಹೆಜ್ಜೆ ಮುಂಚೆ ಇಬ್ಬರು ರಕ್ಷಕರನ್ನು ತನ್ನೆಡೆಗೆ ಸೆಳೆದುಕೊಂಡು ಬಯಲನ್ನು ಬರಿದುಮಾಡಿಕೊಟ್ಟವನದು ಬರುವುದಿಲ್ಲ. ಈ ಸ್ಥಾನದವನ ಕೆಲಸ ಬಹುಪಾಲು ಅಂತಹುದು. ಜೊತೆಗೆ ಕಲ್ಕತ್ತೆಯ ಆಟದ ಋತುವು ಮಳೆಗಾಲವನ್ನು ಒಳಗೊಂಡದ್ದು. ಬೆಂಗಳೂರಿನ ಒಣನೆಲದಲ್ಲಿ ಕಲಿತ ಕಾಲು ಕೆಸರಿನಲ್ಲಿ ಇನ್ನೊಮ್ಮೆ ಅಕ್ಷರಾಭ್ಯಾಸ ಮಾಡಬೇಕಾಯಿತು.

ಇನ್ನು ಸೋಲುಗೆಲವುಗಳನ್ನು ಓದುವ ಬಗೆ. 1948ರ ಜುಲೈ 31ರಂದು ಲಂಡನ್ ಒಲಿಂಪಿಕ್ಸಿನಲ್ಲಿ, ಇಲ್ಫರ್ಡಿನ ಮೈದಾನದಲ್ಲಿ, ಬಹುಮಂದಿ ಬರಿಗಾಲಿನವರಾಗಿದ್ದ ಭಾರತ ತಂಡವು ಫ್ರಾನ್ಸಿಗೆ 2–1ರಿಂದ ಸೋತಿತು. ಭಾರತಕ್ಕೆ ದೊರೆತ ಎರಡು ಪೆನಾಲ್ಟಿಗಳು ವ್ಯರ್ಥವಾದವು. ಭಾರತದ ಒಂದು ಗೋಲನ್ನು ಹೊಡೆದವರು ಮೈಸೂರಿನ ಸಾರಂಗಪಾಣಿ ರಾಮನ್. ಫ್ರೆಂಚರ ಗೆಲುವಿನ ಗೋಲು ಬಂದುದು ಕೊನೆಯ ಗಳಿಗೆಯಲ್ಲಿ. ನಾಲ್ಕು ವರ್ಷಗಳ ತರುವಾಯ, ನಡುವೆ 1951ರಲ್ಲಿ ದೆಹಲಿಯ ಏಷ್ಯನ್ ಕ್ರೀಡಾಕೂಟದ ಸ್ವರ್ಣವನ್ನು ಗೆದ್ದು, ಹೆಲ್ಸಿಂಕಿ ಒಲಿಂಪಿಕ್ಸಿಗೆ ಹೋದ ತಂಡವು ಯುಗೋಸ್ಲಾವಿಯದೆದುರು 10–1ರಿಂದ ಪರಾಭವ ಹೊಂದಿತು. ಆ ಒಂದು ಗೋಲು ಅಹಮದ್ ಖಾನರದು. ಹೊಸಬನು ಈ ಎರಡನೆಯ ಅಂಕವನ್ನು ಕಂಡು ನಗುತ್ತಾನೆ. ರಸಿಕನು ಕೇಳಬೇಕಾದುದು ಬೇರೆ: ಆ ದಿನ ನೆಲ ಹೇಗಿತ್ತು? ಉತ್ತರದ ತಣ್ಣನೆಯ ಹುಲ್ಲಿನ ಮೇಲೆ ಬರಿಯ ಪಾದವು ಜಾರಿದಾಗ, ಅರೆಗಳಿಗೆಯನ್ನು ಗಳಿಸಿಕೊಡುತ್ತಿದ್ದ ಆ ಸ್ಪರ್ಶವೇ ಕೈಕೊಟ್ಟಿತು. ಕೌಶಲ ಕಡಿಮೆಯಾಗಿರಲಿಲ್ಲ, ಅದು ಬೆಳೆದ ಮಣ್ಣು ಅಲ್ಲಿರಲಿಲ್ಲ. ಅನಂತರ ಬೂಟು ಕಡ್ಡಾಯವಾಯಿತು. 1956ರ ಮೆಲ್ಬರ್ನ್ ಒಲಿಂಪಿಕ್ಸಿನಲ್ಲಿ, ಬೆಂಗಳೂರಿನ ಕೆಂಪಯ್ಯನವರನ್ನೂ ಒಳಗೊಂಡ ತಂಡವು ಆಸ್ಟ್ರೇಲಿಯವನ್ನು ಅದರ ನೆಲದಲ್ಲೇ 4–2ರಿಂದ ಸೋಲಿಸಿ ನಾಲ್ಕನೆಯ ಸ್ಥಾನಕ್ಕೇರಿತು. ಬೂಟಿನಿಂದಲೇ ಇದಾಯಿತೆಂದು ನಾನು ವಾದಿಸಲಾರೆ. ಬೂಟಿಲ್ಲದೆ ಆಗುತ್ತಿತ್ತೆಂದೂ ಹೇಳಲಾರೆ.

ಕೊನೆಗೊಂದು ಪ್ರಾಯೋಗಿಕ ಮಾತು. ಟೆಲಿವಿಷನ್ನಿನಲ್ಲಿ ಈ ಆಟವನ್ನು ಕಲಿಯುವುದು ಕಷ್ಟ, ಏಕೆಂದರೆ ಕ್ಯಾಮೆರಾ ಬಹುಪಾಲು ಚೆಂಡನ್ನೇ ಹಿಂಬಾಲಿಸುತ್ತದೆ, ನಾವು ನೋಡಬೇಕಾದವರು ಚೌಕಟ್ಟಿನ ಹೊರಗೇ ಉಳಿಯುತ್ತಾರೆ. ಬೆಂಗಳೂರಿಗೆ ಹೋದಾಗ ಅಶೋಕನಗರದ ಫುಟ್ಬಾಲ್ ಮೈದಾನದಲ್ಲಿ ಸ್ಥಳೀಯ ಲೀಗಿನ ಪಂದ್ಯವಿದ್ದರೆ ಹೋಗಿ ಕೂತುಬಿಡಿ. ಮೆಟ್ಟಿಲುಗಳ ಮೇಲಿನ ಸಾಲಿನಲ್ಲಿ, ನಡುಗೆರೆಯ ನೇರಕ್ಕೆ. ಪಂದ್ಯ ಶುರುವಾಗುವ ಮುನ್ನ ಆಟಗಾರರು ಕಾಲು ಸಡಿಲಿಸುತ್ತಿರುವಾಗಲೇ ಚೆಂಡು ಎಷ್ಟು ಪುಟಿಯುತ್ತಿದೆಯೆಂದು ನೋಡಿಟ್ಟುಕೊಳ್ಳಿ. ಮೊದಲ ಹದಿನೈದು ನಿಮಿಷ ಒಬ್ಬನೇ ಒಬ್ಬ ನಡುಬಯಲಿನ ಆಟಗಾರನನ್ನು ಆರಿಸಿಕೊಂಡು, ಚೆಂಡು ಎಲ್ಲಿಯೇ ಹೋಗಲಿ, ಕಣ್ಣನ್ನು ಅವನಿಂದ ಕದಲಿಸಬೇಡಿ. ಪಕ್ಕದವರು ಕೂಗಿದಾಗ ಒಂದು ಗೋಲು ತಪ್ಪಿಹೋದೀತು, ಹೋಗಲಿ. ವಿರಾಮದ ಬಳಿಕ ತಂಡಗಳು ದಿಕ್ಕು ಬದಲಿಸಿಕೊಳ್ಳುತ್ತವೆ, ನೀವು ಜಾಗ ಬದಲಿಸಬೇಕಾದುದಿಲ್ಲ. ಆಗ ಅವನ ಎದುರು ನಿಂತ ರಕ್ಷಕನನ್ನು ನೋಡತೊಡಗಿ.